ಭಾವನ ಅಡಿಕೆ ಚೀಟಿ ಮತ್ತು ಪ್ಯಾರಮ್ಸ್‌ನೊಳಗಿನ ಪ್ಯಾರಮ್ಸ್

“ಎಂತ ಮಾರಾಯ, ನಿನ್ನ ಕಂಪ್ಯೂಟರಿನೊಳಗೆ ಅಡಿಕೆ ಮರಿ ಹಾಕ್ತದಾ?”

ಬೆಳಿಗ್ಗೆ ಏಳೂವರೆಗೆ ಭಾವನ ಫೋನು. ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ಅವರದ್ದೊಂದು ಅಡಿಕೆ ಅಂಗಡಿ ಉಂಟು. ತೋಟದವರು ಗೋಣಿಯಲ್ಲಿ ತಂದದ್ದನ್ನು ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಉಳ್ಳಿಗೋಟು, ಕರಿಗೋಟು ಅಂತ ವಿಂಗಡಿಸಿ, ತೂಗಿ, ಚೀಟಿ ಬರೆದು ದುಡ್ಡು ಕೊಡುತ್ತಾರೆ. ಕಾರ್ಬನ್ ಪೇಪರ್ ಇಟ್ಟು ಬರೆದು ಬರೆದು ಕೈ ಸೋತಿತು, ನೀನು ಇಡೀ ದಿನ ಕಂಪ್ಯೂಟರ್ ಮುಂದೆಯೇ ಕೂತಿರ್ತಿಯಲ್ಲ, ನಮಗೂ ಒಂದು ಮಾಡಿಕೊಡು ಅಂತ ಅಕ್ಕ ಹೇಳಿದ್ದಳು. ಎರಡು ಭಾನುವಾರ ಕೂತು ರೂಬಿ ಭಾಷೆಯ ವೆಬ್ ಚೌಕಟ್ಟಾದ ರೇಲ್ಸ್‌ನಲ್ಲಿ ಒಂದು ಸಣ್ಣ ಆ್ಯಪ್ ಮಾಡಿಕೊಟ್ಟೆ. ಅದೇ ನನಗೆ ಮುಳುವಾಯಿತು.

ಆದದ್ದು ಇಷ್ಟು. ಒಂದು ಚೀಟಿಯಲ್ಲಿ ಮೂರು ಸಾಲು: ಹಳೆ ಅಡಿಕೆ 42 ಕಿಲೋ, ಪಟೋರ 18, ಕರಿಗೋಟು 7. ಒಟ್ಟು 67. ಪಟೋರ 18 ಅಲ್ಲ 19 ಅಂತ ಆಮೇಲೆ ಗೊತ್ತಾಗಿ ಭಾವ ಚೀಟಿ ತೆರೆದು ತಿದ್ದಿ ಸೇವ್ ಒತ್ತಿದ್ದಾರೆ. ತೆರೆದು ನೋಡಿದರೆ ಆರು ಸಾಲು. ಹಳೇ ಮೂರು ಹಾಗೇ ಇದೆ, ಕೆಳಗೆ ಹೊಸ ಮೂರು. ಒಟ್ಟು 135 ಕಿಲೋ. ಮರಿ ಹಾಕಿದ್ದು ಹೌದು!

ಈ ತಪ್ಪು ನನ್ನೊಬ್ಬನದ್ದಲ್ಲ. ಒಂದು ಫಾರ್ಮಿನೊಳಗೆ ಇನ್ನೊಂದು ಫಾರ್ಮು ಬಂದಾಗ, ಅಂದರೆ ಒಂದು ಚೀಟಿಗೆ ಹಲವು ಸಾಲು, ಒಂದು ಮನೆಗೆ ಹಲವು ಸದಸ್ಯರು ಅಂತೆಲ್ಲ ಇದ್ದಾಗ, ಎಲ್ಲರೂ ಒಂದಲ್ಲ ಒಂದು ದಿನ ಇಲ್ಲಿ ಕಾಲು ಜಾರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಫಾರ್ಮಿನಿಂದ ಸರ್ವರಿಗೆ ಬಂದದ್ದಕ್ಕೆ ರೇಲ್ಸ್ ಇಟ್ಟ ಹೆಸರು ಪ್ಯಾರಮ್ಸ್. ಕೋಡನ್ನೂ ಕನ್ನಡ ಅಕ್ಷರದಲ್ಲೇ ಹಾಕಿದ್ದೇನೆ, ನೀವು ಟೈಪ್ ಮಾಡುವಾಗ ನಿಮ್ಮ ಇಂಗ್ಲಿಷ್ ಹೆಸರು ಹಾಕಿಕೊಳ್ಳಿ.

ಮೊದಲು ಒಂದು ವಿಷಯ. ಬ್ರೌಸರ್ ಕಳಿಸುವುದು ಚಪ್ಪಟೆ ಪಟ್ಟಿ, ಅಷ್ಟೇ. ಹೆಸರು, ಬೆಲೆ, ಹೆಸರು, ಬೆಲೆ (ಬೆಲೆ ಅಂದರೆ ದುಡ್ಡಲ್ಲ, ಬಾಕ್ಸಿನಲ್ಲಿ ತುಂಬಿದ್ದು). ಒಳಗೆ ಒಂದು, ಅದರೊಳಗೆ ಇನ್ನೊಂದು ಅನ್ನುವುದು ಅದಕ್ಕೆ ಗೊತ್ತೇ ಇಲ್ಲ. ಎಚ್‌ಟಿಎಮ್‌ಎಲ್‌ಗೆ ಫೀಲ್ಡಿನ ಹೆಸರಿನಲ್ಲಿರುವ ಚೌಕ ಕಂಸ ಸುಮ್ನೆ ಒಂದು ಅಕ್ಷರ. ಭಾವನ ಚೀಟಿ ಹೋಗುವುದು ಹೀಗೆ:

ಚೀಟಿ[ರೈತ]=ಐತ್ತಪ್ಪ
ಚೀಟಿ[ಸಾಲು_ಆಟ್ರಿಬ್ಯೂಟ್ಸ್][0][ನಮೂನೆ]=ಹಳೆ
ಚೀಟಿ[ಸಾಲು_ಆಟ್ರಿಬ್ಯೂಟ್ಸ್][0][ತೂಕ]=42
ಚೀಟಿ[ಸಾಲು_ಆಟ್ರಿಬ್ಯೂಟ್ಸ್][1][ನಮೂನೆ]=ಪಟೋರ
ಚೀಟಿ[ಸಾಲು_ಆಟ್ರಿಬ್ಯೂಟ್ಸ್][1][ತೂಕ]=18

ಈ ಕಂಸಗಳನ್ನು ಓದಿ, ಡಬ್ಬಿಯೊಳಗೆ ಡಬ್ಬಿ ಇಟ್ಟ ಹಾಗೆ ಹ್ಯಾಶ್ (ಹೆಸರು ಹೇಳಿದರೆ ಬೆಲೆ ಕೊಡುವ ಪಟ್ಟಿ) ಕಟ್ಟುವುದು ಸರ್ವರ್ ಕಡೆಯ ಕೆಲಸ. ರೇಲ್ಸ್‌ನಲ್ಲಿ ಅದನ್ನು ಮಾಡುವುದು ಅದರ ಕೆಳಗಿರುವ ರ‍್ಯಾಕ್ ಅನ್ನುವ ಲೈಬ್ರರಿ (ತೀರಾ ಹೊಸ ರೇಲ್ಸಿನಲ್ಲಿ ರೇಲ್ಸ್ ತಾನೇ, ನಿಯಮ ಅದೇ). ಪಿಎಚ್‌ಪಿಯೂ ಹೀಗೇ ಕಂಸ ಓದುತ್ತದೆ. ಪೈಥಾನಿನ ಜ್ಯಾಂಗೋಗೆ ಕಂಸದ ಗೊಡವೆ ಇಲ್ಲ, ಅದರ ಫಾರ್ಮ್‌ಸೆಟ್ಟು ನಡುವೆ ಅಡ್ಡಗೆರೆ, ಸಂಖ್ಯೆ ಹಾಕಿ ಹೆಸರು ಮಾಡಿ, ಒಟ್ಟು ಎಷ್ಟು ಫಾರ್ಮು ಅಂತ ಬೇರೆಯೇ ಒಂದು ಫೀಲ್ಡಿನಲ್ಲಿ ಕಳಿಸುತ್ತದೆ. ಎಕ್ಸ್‌ಪ್ರೆಸ್‌ನಲ್ಲಿ ಎಕ್ಸ್‌ಟೆಂಡೆಡ್ ಅನ್ನುವ ಆಯ್ಕೆ ಹಾಕಿದರೆ ಕಂಸ ಓದುತ್ತದೆ, ಇಲ್ಲದಿದ್ದರೆ ಇಲ್ಲ. ಅಂದರೆ ನೀವು ಕಂಸವನ್ನು ಹೇಗೆ ಬರೆದಿರೋ ಸರ್ವರಿನಲ್ಲಿ ಆಕಾರವೂ ಹಾಗೆ. ಬೇರೆ ಮಂತ್ರ ಇಲ್ಲ.

ಈಗ ಮರಿ ಹಾಕಿದ ವಿಷಯ. ಫಾರ್ಮು ಬಂದಾಗ ಓಡುವ ಕೋಡು, ಅಂದರೆ ನನ್ನ ಕಂಟ್ರೋಲರಿನಲ್ಲಿ ಹೀಗಿತ್ತು (ಪರ್ಮಿಟ್ ಅಂದರೆ ಒಳಗೆ ಬಿಡಬಹುದಾದ ಫೀಲ್ಡುಗಳ ಪಟ್ಟಿ):

ಪ್ಯಾರಮ್ಸ್.ರಿಕ್ವೈರ್(:ಚೀಟಿ).ಪರ್ಮಿಟ್(:ರೈತ, :ಫೋನ್, :ಷರಾ, :ದರ, ಸಾಲು_ಆಟ್ರಿಬ್ಯೂಟ್ಸ್: [:ನಮೂನೆ, :ತೂಕ, :ಗೋಣಿ])

ಎಲ್ಲ ಇದೆಯಲ್ಲ ಅನಿಸುತ್ತದೆ. ಇಲ್ಲ. ಐಡಿ ಇಲ್ಲ. ಹಳೇ ಚೀಟಿ ತಿದ್ದಲು ತೆರೆದಾಗ ರೇಲ್ಸಿನ ಫೀಲ್ಡ್ಸ್ ಫಾರ್ ಪ್ರತಿ ಸಾಲಿಗೂ ಒಂದು ಅಡಗಿಸಿಟ್ಟ ಐಡಿ ಫೀಲ್ಡನ್ನು ತಾನಾಗಿಯೇ ಹಾಕುತ್ತದೆ. ಅದು ಸರಿಯಾಗಿ ಸರ್ವರ್ ತನಕ ಬರುತ್ತದೆ. ಬಾಗಿಲಲ್ಲಿ ಪರ್ಮಿಟ್ ಅದನ್ನು ತಡೆದು ಆಚೆ ಬಿಸಾಡುತ್ತದೆ, ಯಾಕಂದ್ರೆ ನಾನು ಪಟ್ಟಿಯಲ್ಲಿ ಬರೆದಿಲ್ಲ. ಐಡಿ ಇಲ್ಲದ ಸಾಲು ಬಂದರೆ ಮಾಡೆಲ್, ಅಂದರೆ ಡೇಟಾಬೇಸಿಗೆ ಬರೆಯುವ ಭಾಗ, ಏನು ಮಾಡಬೇಕು? ಓ, ಹೊಸ ಸಾಲು ಅಂತ ಸೇರಿಸುತ್ತದೆ. ಅದರ ತಪ್ಪೇನಿಲ್ಲ.

ಸಿಟ್ಟು ಬರುವುದು ಯಾವುದಕ್ಕೆ ಅಂದ್ರೆ, ಡೆವಲಪ್‌ಮೆಂಟ್ ಲಾಗಿನಲ್ಲಿ ಅನ್‌ಪರ್ಮಿಟೆಡ್ ಪ್ಯಾರಾಮೀಟರ್, ಐಡಿ ಅಂತ ಚೆನ್ನಾಗಿ ಬರೆದಿತ್ತು. ನಾನು ನೋಡಲಿಲ್ಲ. ಯಾರು ನೋಡುತ್ತಾರೆ ಹೇಳಿ? ಈಗ ಎಲ್ಲ ಪ್ರಾಜೆಕ್ಟಿನಲ್ಲೂ ಮೊದಲ ದಿನವೇ ಆ್ಯಕ್ಷನ್ ಆನ್ ಅನ್‌ಪರ್ಮಿಟೆಡ್ ಪ್ಯಾರಾಮೀಟರ್ಸ್ ಅನ್ನುವ ಸೆಟ್ಟಿಂಗನ್ನು ಡೆವಲಪ್‌ಮೆಂಟಿಗೂ ಟೆಸ್ಟಿಗೂ ರೈಸ್ ಅಂತ ಮಾಡಿಬಿಡುತ್ತೇನೆ. ಪಟ್ಟಿಯಲ್ಲಿ ಇಲ್ಲದ್ದು ಬಂದ ಕೂಡಲೇ ಕೋಡು ಅಲ್ಲೇ ಬೊಬ್ಬೆ ಹಾಕಿ ನಿಲ್ಲುತ್ತದೆ. ಐಡಿ ಸೇರಿಸುವಾಗ ಜೊತೆಗೆ ಅಂಡರ್‌ಸ್ಕೋರ್ ಡಿಸ್ಟ್ರಾಯ್ ಕೂಡ ಸೇರಿಸಿ, ಮಾಡೆಲಿನಲ್ಲಿ ಅಲೋ ಡಿಸ್ಟ್ರಾಯ್ ಕೊಡಿ. ಇಲ್ಲದಿದ್ದರೆ ಸಾಲು ಅಳಿಸಲು ಆಗುವುದಿಲ್ಲ. ಯಾರಾದರೂ ಬೇರೆ ಚೀಟಿಯ ಸಾಲಿನ ಐಡಿ ತುರುಕಿದರೆ ಅಂತ ಹೆದರಿಕೆ ಬೇಡ. ಆ ಸಾಲು ಈ ಚೀಟಿಯದ್ದಲ್ಲ ಅಂತ ರೇಲ್ಸ್ ತಾನೇ ಎರರ್ ಕೊಡುತ್ತದೆ. ಆದರೆ ಚೀಟಿಯೇ ಬೇರೆಯವರದ್ದಾ ಅಂತ ನೀವೇ ನೋಡಿಕೊಳ್ಳಬೇಕು.

ಇಷ್ಟೆಲ್ಲ ಪರ್ಮಿಟ್ ಪುರಾಣ ಯಾಕೆ ಅಂತ ಹೊಸಬರು ಕೇಳುತ್ತಾರೆ. 2012ರ ಮಾರ್ಚ್‌ನಲ್ಲಿ ಗಿಟ್‌ಹಬ್‌ನಲ್ಲಿ ಒಬ್ಬ ಹುಡುಗ ಫಾರ್ಮಿಗೆ ತಾನೇ ಒಂದು ಜಾಸ್ತಿ ಫೀಲ್ಡ್ ಸೇರಿಸಿ, ತನ್ನ ಕೀಲಿಯನ್ನು ಬೇರೆಯವರ ಖಾತೆಗೆ ಜೋಡಿಸಿ, ರೇಲ್ಸ್‌ನ ಸ್ವಂತ ರೆಪಾಸಿಟರಿಗೇ ಕಮಿಟ್ ಮಾಡಿ ತೋರಿಸಿದ್ದ. ಮುಂದಿನ ವರ್ಷ, 2013ರಲ್ಲಿ ಬಂದ ರೇಲ್ಸ್ 4ರಲ್ಲಿ ಕಂಟ್ರೋಲರಿನ ಬಾಗಿಲಿಗೇ ಈ ಕಾವಲು ಹಾಕಿದರು. ಕಿರಿಕಿರಿ ಹೌದು. ತೆಗೆಯಲು ಮಾತ್ರ ಹೋಗಬೇಡಿ.

ಒಳಗಿನ ಬೆಲೆ ತೆಗೆಯುವ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಪ್ಯಾರಮ್ಸ್[:ಚೀಟಿ][:ಗ್ರಾಹಕ][:ಫೋನ್] ಅಂತ ಬರೆದರೆ, ನಡುವಿನ ಗ್ರಾಹಕ ಬಂದಿಲ್ಲದಿದ್ದರೆ ನಿಲ್ (ಏನೂ ಇಲ್ಲ ಅನ್ನುವುದಕ್ಕೆ ರೂಬಿಯ ಹೆಸರು) ಮೇಲೆ ಕಂಸ ಹಾಕಿದ ಎರರ್ ಬಂದು ಪುಟ ಬೀಳುತ್ತದೆ. ಪ್ಯಾರಮ್ಸ್.ಡಿಗ್(:ಚೀಟಿ, :ಗ್ರಾಹಕ, :ಫೋನ್) ಅಂತ ಬರೆದರೆ ಎಲ್ಲಿ ಇಲ್ಲವೋ ಅಲ್ಲಿ ಸುಮ್ನೆ ನಿಲ್ ಕೊಟ್ಟು ಬರುತ್ತದೆ. ರೂಬಿ 2.3ರಿಂದ, ಅಂದರೆ 2015ರ ಕೊನೆಯಿಂದ ಈ ಡಿಗ್ ಉಂಟು. ಆದರೆ ಡಿಗ್ ಎಲ್ಲದಕ್ಕೂ ಮದ್ದಲ್ಲ. ಯಾರೋ ಕಿಡಿಗೇಡಿ ಚೀಟಿ=ಹಲೋ ಅಂತ ಕಳಿಸಿದರೆ ಚೀಟಿ ಡಬ್ಬಿಯೇ ಅಲ್ಲ, ಬರೀ ಸ್ಟ್ರಿಂಗ್. ಆಗ ಡಿಗ್ ಕೂಡ ಬೀಳುತ್ತದೆ. 2024ರ ನವೆಂಬರಿನಲ್ಲಿ ಬಂದ ರೇಲ್ಸ್ 8ರಲ್ಲಿ ಎಕ್ಸ್‌ಪೆಕ್ಟ್ ಅಂತ ಹೊಸತು ಬಂದಿದೆ, ಅದು ಆಕಾರ ಸರಿ ಇಲ್ಲದಿದ್ದರೆ 400, ಅಂದರೆ ಕಳಿಸಿದ್ದೇ ಸರಿ ಇಲ್ಲ, ಅಂತ ಹೇಳಿ ವಾಪಸ್ ಕಳಿಸುತ್ತದೆ. ನನಗೆ ಅದು ಇಷ್ಟವಾಗಿದೆ. ಸಾಲುಗಳ ಪಟ್ಟಿ ಬರುವಲ್ಲಿ ಎರಡೆರಡು ಚೌಕ ಕಂಸ ಹಾಕಬೇಕು ಅನ್ನುವುದನ್ನು ಮಾತ್ರ ನಾನು ಪ್ರತಿ ಸಲ ಮರೆಯುತ್ತೇನೆ.

ಇನ್ನು ಗೋಣಿಯ ಕಥೆ. ಇದು ನನಗೆ ಒಂದು ಇಡೀ ಸಂಜೆ ತಿಂದದ್ದು.

ಪ್ರತಿ ಸಾಲಿಗೂ ‘ಗೋಣಿ ಅಂಗಡಿಯದ್ದು’ ಅಂತ ಒಂದು ಟಿಕ್ ಬಾಕ್ಸ್ ಇದೆ. ಜಾವಾಸ್ಕ್ರಿಪ್ಟಿನಲ್ಲಿ ಸಾಲು ಸೇರಿಸುವಾಗ 0, 1, 2 ಅಂತ ಲೆಕ್ಕ ಇಡುವುದು ರಗಳೆ ಅಂತ ನಾನು ಖಾಲಿ ಕಂಸ ಹಾಕಿದ್ದೆ, ಸಾಲು[][ತೂಕ] ಹೀಗೆ. ಖಾಲಿ ಕಂಸ ಅಂದ್ರೆ ರ‍್ಯಾಕಿಗೆ ಪಟ್ಟಿ ಅಂತ ಅರ್ಥ. ಆದರೆ ಒಂದು ಸಾಲು ಮುಗಿದು ಇನ್ನೊಂದು ಎಲ್ಲಿ ಶುರುವಾಯ್ತು ಅಂತ ಅದಕ್ಕೆ ಹೇಗೆ ಗೊತ್ತು? ಒಂದೇ ಉಪಾಯ. ಈಗಾಗಲೇ ಬಂದ ಹೆಸರು ಮತ್ತೊಮ್ಮೆ ಬಂದರೆ ಹೊಸ ಸಾಲು ಅಂತ ಲೆಕ್ಕ.

ಇನ್ನೊಂದು ಕಡೆ, ಟಿಕ್ ಹಾಕದ ಚೆಕ್‌ಬಾಕ್ಸನ್ನು ಬ್ರೌಸರ್ ಕಳಿಸುವುದೇ ಇಲ್ಲ. ಅದಕ್ಕೆ ರೇಲ್ಸ್ ಪ್ರತಿ ಚೆಕ್‌ಬಾಕ್ಸಿನ ಮುಂದೆ ಅದೇ ಹೆಸರಿನ ಒಂದು ಅಡಗಿದ ಫೀಲ್ಡ್ ಇಟ್ಟು ಅದರಲ್ಲಿ 0 ಹಾಕಿರುತ್ತದೆ. ಟಿಕ್ ಹಾಕಿದರೆ 0, ಆಮೇಲೆ 1, ಎರಡೂ ಹೋಗುತ್ತವೆ. ಸಾಮಾನ್ಯವಾಗಿ ಕೊನೆಯದ್ದು ಗೆಲ್ಲುತ್ತದೆ, ತೊಂದರೆ ಇಲ್ಲ. ಈ ಎರಡು ಉಪಾಯ ಒಂದೇ ಕಡೆ ಸೇರಿದಾಗ ನೋಡಿ ಏನಾಗುತ್ತದೆ. ಮೊದಲ ಸಾಲಿಗೆ ಮಾತ್ರ ಟಿಕ್ ಹಾಕಿದೆ ಅಂದುಕೊಳ್ಳಿ:

ಸಾಲು[][ನಮೂನೆ]=ಹಳೆ
ಸಾಲು[][ತೂಕ]=42
ಸಾಲು[][ಗೋಣಿ]=0
ಸಾಲು[][ಗೋಣಿ]=1
ಸಾಲು[][ನಮೂನೆ]=ಪಟೋರ
ಸಾಲು[][ತೂಕ]=18
ಸಾಲು[][ಗೋಣಿ]=0

ಬೆರಳಿಟ್ಟು ಓದಿ. ಹಳೆ, 42, ಗೋಣಿ 0, ಮೂರೂ ಒಂದನೇ ಸಾಲಿಗೆ. ಮತ್ತೆ ಗೋಣಿ ಬಂತು, ಆಗಲೇ ಇದೆ, ಹಾಗಾಗಿ ಎರಡನೇ ಸಾಲು ಶುರು, ಅದರಲ್ಲಿ ಗೋಣಿ 1. ಆಮೇಲೆ ಪಟೋರ ಬಂತು. ಎರಡನೇ ಸಾಲಿನಲ್ಲಿ ನಮೂನೆ ಇನ್ನೂ ಇಲ್ಲವಲ್ಲ, ಅದಕ್ಕೇ ಸೇರಿತು. 18 ಕೂಡ. ಕೊನೆಗೆ ಗೋಣಿ 0, ಅದು ಆಗಲೇ ಇದೆ, ಮೂರನೇ ಸಾಲು. ಅಂದರೆ ಹಳೆ ಅಡಿಕೆಗೆ ಹಾಕಿದ ಟಿಕ್ ಜಾರಿ ಪಟೋರಕ್ಕೆ ಹೋಯಿತು, ಕೆಳಗೆ ಹೆಸರೂ ಇಲ್ಲದ ತೂಕವೂ ಇಲ್ಲದ ಒಂದು ಖಾಲಿ ಸಾಲು ಹುಟ್ಟಿತು. ಎರರ್ ಇಲ್ಲ, ಏನಿಲ್ಲ. ಅಂಗಡಿಯಲ್ಲಿ ಮಾತ್ರ ಯಾರ ಗೋಣಿ ಯಾರದ್ದು ಅಂತ ಜಗಳ.

ಇದು ರೇಲ್ಸಿನ ಚೆಕ್‌ಬಾಕ್ಸ್ ದಾಖಲೆಯಲ್ಲೇ ಬರೆದಿರುವ ವಿಷಯ, ನಾನು ಓದಿದ್ದು ಎಲ್ಲ ಆದ ಮೇಲೆ. ಪರಿಹಾರ ಸುಲಭ, ಖಾಲಿ ಕಂಸ ಬಿಟ್ಟು ನಂಬರ್ ಹಾಕಿ. ನಂಬರ್ ಸಾಲಾಗಿ ಇರಬೇಕು ಅಂತಲೂ ಇಲ್ಲ, ಒಂದಕ್ಕೊಂದು ಬೇರೆ ಇದ್ದರೆ ಸಾಕು. ನಾನು ಈಗ ಜಾವಾಸ್ಕ್ರಿಪ್ಟಿನಲ್ಲಿ ಆ ಕ್ಷಣದ ಮಿಲಿಸೆಕೆಂಡನ್ನೇ ನಂಬರಾಗಿ ಹಾಕುತ್ತೇನೆ. ನೋಡಲು ಚಂದ ಇಲ್ಲ, ಆದರೆ ಟಿಕ್ ಜಾರುವುದಿಲ್ಲ.

ಸರಿ, ಓದುವುದಾಯಿತು. ಬಂದ ಪ್ಯಾರಮ್ಸನ್ನು ಬದಲಾಯಿಸುವುದು? ಇಲ್ಲಿ ನನ್ನದೇ ಒಂದು ಅಭಿಪ್ರಾಯ ಉಂಟು. ಅದು ಬಂದದ್ದು ಮಾವನಿಂದ. ಮಾವ ಅಂದ್ರೆ ಭಾವನ ಅಪ್ಪ. ಮಧ್ಯಾಹ್ನ ಭಾವ ಊಟಕ್ಕೆ ಹೋದಾಗ ಅಂಗಡಿಯಲ್ಲಿ ಕೂರುವವರು ಅವರೇ. ಕಲಿತದ್ದು ಕನ್ನಡ ಮೀಡಿಯಂ, ಜಿಲ್ಲೆ ಕೇರಳದ್ದಾದರೂ ಲೆಕ್ಕ ಬರೆಯುವುದು ಇವತ್ತಿಗೂ ಕನ್ನಡ ಅಂಕಿಯಲ್ಲಿ. ಫೋನಿನ ಕೀಬೋರ್ಡನ್ನೂ ಹಾಗೇ ಇಟ್ಟುಕೊಂಡಿದ್ದಾರೆ. ತೂಕದ ಬಾಕ್ಸಿನಲ್ಲಿ ೪೨ ಅಂತ ಹೊಡೆದರು. ರೂಬಿಯಲ್ಲಿ ೪೨ ಅನ್ನುವ ಸ್ಟ್ರಿಂಗಿಗೆ ಟು ಐ (ಅಕ್ಷರವನ್ನು ಸಂಖ್ಯೆ ಮಾಡುವ ಮೆಥಡ್) ಮಾಡಿದರೆ ಬರುವುದು ಸೊನ್ನೆ. ಅದಕ್ಕೆ ಗೊತ್ತಿರುವುದು ಇಂಗ್ಲಿಷ್ ಅಂಕಿ ಹತ್ತೇ. ಅಷ್ಟು ಗೋಣಿ ಅಡಿಕೆಗೆ ಸೊನ್ನೆ ಕಿಲೋ. ಹಾಗೇ 1,200 ಅಂತ ಕಾಮಾ ಹಾಕಿದರೆ ಬರುವುದು 1. ಕಾಮಾ ಕಂಡ ಕೂಡಲೇ ಓದುವುದು ನಿಲ್ಲಿಸುತ್ತದೆ.

ದರದ ಬಾಕ್ಸಿನಲ್ಲೂ ಇದೇ ತೊಂದರೆ ಅಂತ ನಾನು ತಕ್ಷಣ ಕಂಟ್ರೋಲರಿಗೆ ಹೋಗಿ ಮೊದಲು ಅದಕ್ಕೆ ಹೀಗೆ ಬರೆದೆ:

ಚೀಟಿ_ಪ್ಯಾರಮ್ಸ್[:ದರ] = ಅಂಕಿ_ಸರಿಮಾಡು(ಚೀಟಿ_ಪ್ಯಾರಮ್ಸ್[:ದರ])
ಚೀಟಿ.ನ್ಯೂ(ಚೀಟಿ_ಪ್ಯಾರಮ್ಸ್)

ಏನೂ ಬದಲಾಗಲಿಲ್ಲ. ಐದು ನಿಮಿಷ ಪರದೆ ನೋಡುತ್ತಾ ಕೂತೆ. ಚೀಟಿ_ಪ್ಯಾರಮ್ಸ್ ಅನ್ನುವುದು ನಾವು ಬರೆದ ಮೆಥಡ್ ಅಲ್ವಾ, ಅದನ್ನು ಕರೆದಾಗಲೆಲ್ಲ ಪರ್ಮಿಟ್ ಹೊಸದೊಂದು ಪ್ರತಿ ಮಾಡಿ ಕೊಡುತ್ತದೆ. ನಾನು ಒಂದು ಪ್ರತಿಯಲ್ಲಿ ತಿದ್ದಿದೆ, ಕೆಳಗಿನ ಸಾಲಿನಲ್ಲಿ ಇನ್ನೊಂದು ಪ್ರತಿ ಹೋಯಿತು. ಕಾರ್ಬನ್ ಕಾಪಿಯಲ್ಲಿ ತಿದ್ದಿ, ತೋಟದವನ ಕೈಗೆ ಮೇಲಿನ ಚೀಟಿ ಕೊಟ್ಟ ಹಾಗೆ. ಒಂದು ವೇರಿಯಬಲ್‌ಗೆ ಹಾಕಿಕೊಂಡು ಅದರಲ್ಲೇ ತಿದ್ದಿ, ಅದನ್ನೇ ಮುಂದೆ ಕೊಡಬೇಕು.

ಮರ್ಜ್ (ಒಂದು ಹ್ಯಾಶಿಗೆ ಇನ್ನೊಂದನ್ನು ಸೇರಿಸುವುದು) ಮಾಡುತ್ತೇನೆ ಅನ್ನುವವರಿಗೆ ಒಂದು ಮಾತು. ಮರ್ಜ್ ಮೇಲಿನ ಪದರಕ್ಕೆ ಮಾತ್ರ. ಸಾಲು_ಆಟ್ರಿಬ್ಯೂಟ್ಸ್ ಅಂತ ಒಳಗಿನ ಒಂದು ಸಾಲು ಕೊಟ್ಟು ಮರ್ಜ್ ಮಾಡಿದರೆ ಹಳೇ ಸಾಲುಗಳೆಲ್ಲ ಹೋಗಿ ನೀವು ಕೊಟ್ಟದ್ದೊಂದೇ ಉಳಿಯುತ್ತದೆ. ಟು ಹೆಚ್ ಮಾಡಿ ಮಾಮೂಲಿ ಹ್ಯಾಶ್ ಮಾಡಿಕೊಂಡು ಡೀಪ್ ಮರ್ಜ್ ಮಾಡಬಹುದು. ಪರ್ಮಿಟ್ ಆಗದ ಪ್ಯಾರಮ್ಸಿಗೆ ಟು ಹೆಚ್ ಹೇಳಿದರೆ ರೇಲ್ಸ್ 5.1ರಿಂದ ಈಚೆಗೆ ಬೈಸಿಕೊಳ್ಳುತ್ತೀರಿ, ಮೊದಲು ಪರ್ಮಿಟ್ ಮಾಡಿ.

ಆಮೇಲೆ ಜಾಣತನ ಮಾಡಲು ಹೋದೆ. ಡೀಪ್ ಟ್ರಾನ್ಸ್‌ಫಾರ್ಮ್ ವ್ಯಾಲ್ಯೂಸ್ ಅಂತ ರೇಲ್ಸ್ 6ರಲ್ಲಿ ಬಂದ ಒಂದು ಚಂದದ ಮೆಥಡ್ ಉಂಟು, ಎಷ್ಟು ಒಳಗಿದ್ದರೂ ಹೋಗಿ ಪ್ರತಿ ಬೆಲೆಯನ್ನೂ ಬದಲಾಯಿಸುತ್ತದೆ. ಎಲ್ಲ ಸ್ಟ್ರಿಂಗಿಗೂ ಅಕ್ಷರ ಬದಲಿಸುವ ಟಿಆರ್ ಹಾಕಿ, ೦ಯಿಂದ ೯ರ ತನಕದ ಅಂಕಿಯನ್ನು 0ಯಿಂದ 9 ಮಾಡಿಬಿಟ್ಟೆ. ಒಂದೇ ಸಾಲು. ಬೆನ್ನು ತಟ್ಟಿಕೊಂಡೆ. ಎರಡು ದಿನ ಬಿಟ್ಟು ಮಾವನ ಫೋನು.

“ನಾನು ಷರಾದಲ್ಲಿ ಕನ್ನಡದಲ್ಲಿ ಬರೆದ ಅಂಕಿಯನ್ನು ಇಂಗ್ಲಿಷ್ ಮಾಡಿದ್ದು ಯಾರು?”

“ಅದು… ನಾನೇ ಮಾವ. ತೂಕ ಸರಿ ಬರಲಿ ಅಂತ.”

“ತೂಕದ್ದು ತೂಕದಲ್ಲಿ ಮಾಡು. ನಾನು ಬರೆದದ್ದನ್ನು ತಿದ್ದಲಿಕ್ಕೆ ನಿನಗೆ ಹೇಳಿದ್ದು ಯಾರು?”

ಕಾಸರಗೋಡಿನಲ್ಲಿ ಹುಟ್ಟಿ ಬೆಳೆದವನಿಗೆ ಈ ಮಾತು ಎಲ್ಲಿಗೆ ತಾಗುತ್ತದೆ ಅಂತ ನಾನು ಬೇರೆ ಹೇಳಬೇಕಾಗಿಲ್ಲ. ಅಂಕಿ ಬದಲಾಯಿಸುವುದನ್ನು ತೂಕಕ್ಕೂ ದರಕ್ಕೂ ಮಾತ್ರ ಇಟ್ಟೆ. ಷರಾ ಅವರು ಬರೆದ ಹಾಗೇ ಉಳಿಯುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದು ಮಾಡಿದ್ದೆ. ಗೋಣಿ ಅಂಗಡಿಯದ್ದಲ್ಲದಿದ್ದರೆ ತೂಕದಲ್ಲಿ ಒಂದು ಕಿಲೋ ಕಳೆಯಬೇಕು, ಅದು ಅವರ ಲೆಕ್ಕ. ಹೇಗೂ ಪ್ಯಾರಮ್ಸ್‌ಗೆ ಕೈ ಹಾಕಿದ್ದೇನಲ್ಲ, ಅಲ್ಲೇ ಕಳೆದುಬಿಡುವ ಅಂತ ಬಿಫೋರ್ ಆ್ಯಕ್ಷನ್ನಿನಲ್ಲಿ (ಕಂಟ್ರೋಲರಿನ ಕೆಲಸಕ್ಕೆ ಮೊದಲು ಓಡುವ ಕೋಡು) ಪ್ರತಿ ಸಾಲಿಗೂ ಹೋಗಿ ತೂಕ ಬದಲಾಯಿಸಿದೆ. 42 ಬಂದರೆ 41. ಟೆಸ್ಟ್ ಪಾಸ್. ಅಂಗಡಿಯಲ್ಲಿ ಫೋನ್ ನಂಬರ್ ಹಾಕದೆ ಸೇವ್ ಒತ್ತಿದ್ದಾರೆ. ಫೋನ್ ನಂಬರ್ ಬೇಕು ಅಂತ ಎರರ್ ತೋರಿಸಿ ಫಾರ್ಮು ವಾಪಸ್ ಬಂತು. ಆದರೆ ಈಗ ತೂಕದ ಬಾಕ್ಸಿನಲ್ಲಿ 41 ಇದೆ. ಫೋನ್ ಹಾಕಿ ಮತ್ತೆ ಸೇವ್. ಈಗ 40. ಫೋನ್ ನಂಬರಿನಲ್ಲಿ ತಪ್ಪಿ ಹತ್ತು ಅಂಕಿಯ ಬದಲು ಒಂಬತ್ತೇ ಹೊಡೆದರೆ ಇನ್ನೊಂದು ಕಿಲೋ ಹೋಯಿತು. ಒಂದೊಂದು ತಪ್ಪಿಗೆ ತೋಟದವನ ಒಂದೊಂದು ಕಿಲೋ ಅಡಿಕೆ ಮಾಯ. ಅದೂ ನನ್ನ ಭಾವನ ಅಂಗಡಿಯಲ್ಲಿ! ತಕ್ಕಡಿಯಲ್ಲಿ ಹೊಡೆದರು ಅಂತ ಊರಿಡೀ ಹೇಳುತ್ತಿದ್ದರು. ಪುಣ್ಯಕ್ಕೆ ಮೊದಲ ದಿನವೇ ಅಕ್ಕನ ಕಣ್ಣಿಗೆ ಬಿತ್ತು.

ಅದಾದ ಮೇಲೆ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಬದಲಾವಣೆಯನ್ನು ಎರಡು ಸಲ ಮಾಡಿದರೆ ಏನಾಗುತ್ತದೆ? ೪೨ನ್ನು 42 ಮಾಡುವುದು, ಕಾಮಾ ತೆಗೆಯುವುದು, ಹಿಂದೆ ಮುಂದೆ ಇರುವ ಖಾಲಿ ಜಾಗ ತೆಗೆಯುವುದು, ಇದೆಲ್ಲ ನೂರು ಸಲ ಮಾಡಿದರೂ ಒಂದೇ. ಅದನ್ನು ಪ್ಯಾರಮ್ಸ್ ಬಾಗಿಲಲ್ಲೇ ಮಾಡಬಹುದು. ಗೋಣಿ ಕಳೆಯುವುದು, ದರ ಹಾಕುವುದು, ಕಮಿಷನ್ ಸೇರಿಸುವುದು ಹಾಗಲ್ಲ. ಅದು ಮಾಡೆಲಿನೊಳಗೆ ಲೆಕ್ಕ ಮಾಡುವಾಗ ಆಗಬೇಕು, ತೂಗಿದ ತೂಕ ತೂಗಿದಷ್ಟೇ ಡೇಟಾಬೇಸಿನಲ್ಲಿ ಇರಬೇಕು. ಈಗ ತೂಕ ಅಂತ ಒಂದು ಕಾಲಂ, ನಿವ್ವಳ ತೂಕ ಅಂತ ಒಂದು ಮೆಥಡ್. ಕಂಟ್ರೋಲರಿನಲ್ಲಿ ಗೋಣಿಯ ಸುದ್ದಿಯೇ ಇಲ್ಲ.

ದರವನ್ನಂತೂ ಫಾರ್ಮಿನಿಂದ ತೆಗೆದುಕೊಳ್ಳುವುದನ್ನೇ ಬಿಟ್ಟೆ. ಈಗ ಅದು ಪರ್ಮಿಟ್ ಪಟ್ಟಿಯಲ್ಲೇ ಇಲ್ಲ. ಆ ದಿನದ ದರವನ್ನು ಭಾವ ಬೆಳಿಗ್ಗೆ ಒಂದು ಸಲ ಹಾಕುತ್ತಾರೆ, ಸಾಲು ಸೇವ್ ಆಗುವಾಗ ಮಾಡೆಲ್ ಅಲ್ಲಿಂದ ಓದಿಕೊಳ್ಳುತ್ತದೆ.

ಹೀಗೆ ಎಲ್ಲ ಸರಿಯಾಯ್ತು ಅಂದುಕೊಂಡು ಮೊನ್ನೆ ಲಾಗ್ ತೆರೆದು ಕೂತಿದ್ದೆ (ಈಗ ಲಾಗ್ ನೋಡುವ ಬುದ್ಧಿ ಬಂದಿದೆ). ಒಂದು ಸಾಲಿನಲ್ಲಿ ತೂಕ ‘೧೮॥’ ಅಂತ ಬಂದು, ಇದು ಸಂಖ್ಯೆ ಅಲ್ಲ ಅಂತ ಎರರ್ ಆಗಿ ವಾಪಸ್ ಹೋಗಿದೆ. ಮತ್ತೆ ‘೧೮॥’. ಮತ್ತೆ ಎರರ್. ಮೂರನೇ ಸಲವೂ ಅದೇ. ಮಾವ ಹಳೇ ಲೆಕ್ಕದ ಪುಸ್ತಕದ ರೂಢಿಯಲ್ಲಿ ಹದಿನೆಂಟೂವರೆ ಬರೆದಿದ್ದಾರೆ, ಎರಡು ಗೀಟು ಅಂದ್ರೆ ಅರ್ಧ. ಒಂದು ಗೀಟು ಕಾಲು. ಇನ್ನು ಮುಕ್ಕಾಲಿಗೆ ಏನು ಹೊಡೆಯುತ್ತಾರೆ ಅಂತ ಫೋನ್ ಮಾಡಿ ಕೇಳಬೇಕು, ಇವತ್ತು ಅಂಗಡಿಗೆ ರಜೆ.